ಕೇಳದೆ ಅಚ್ಚು ಹಾಕಿದ ಪ್ರವಚನ

ಅರ್ಧ ಓದಿದವರಿಗೆ ಪುಸ್ತಕದ ಮೇಲೆ ಭಕ್ತಿ ಹೆಚ್ಚು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು, ಬಳ್ಳಾರಿಯಲ್ಲಿ ಸ್ವಂತ ದುಡಿಮೆಯಿಂದ ಸೈಕಲ್ ಅಂಗಡಿ ಇಟ್ಟವನು. ಯಾರ ಹಂಗಿಗೂ ಬೀಳಲಿಲ್ಲವೆಂಬ ಜಂಬ ಇಂದಿಗೂ ಇದೆ. ಅಚ್ಚಾದ ಅಕ್ಷರ ಕಂಡರೆ ಮಾತ್ರ ಆ ಜಂಬ ಚಪ್ಪಲಿ ಕಳಚಿ ಹೊರಗೆ ನಿಲ್ಲುತ್ತದೆ.

ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಕುರುಗೋಡಿನ ಮಠದಲ್ಲಿ ಸ್ವಾಮಿಗಳೊಬ್ಬರು ಶ್ರಾವಣವಿಡೀ ಪ್ರವಚನ ಹೇಳಿದರು. ಯಾರೋ ಕೂತು ಬರೆದುಕೊಂಡು, ಅವರನ್ನು ಒಂದು ಮಾತೂ ಕೇಳದೆ, ಪುಸ್ತಕ ಮಾಡಿ ಮಾರಿದರು. ಕಾಲುನೋವಿನಿಂದ ಪ್ರವಚನಕ್ಕೆ ಹೋಗಲಾಗದ ಅವ್ವನಿಗೆಂದು ನಾನೂ ಒಂದು ಕೊಂಡು, ಸಂಜೆ ಓದಿ ಹೇಳತೊಡಗಿದೆ.

ಬರೆದುಕೊಂಡವನು ಕಳ್ಳತನದಲ್ಲೂ ಪ್ರಾಮಾಣಿಕ, ಏನನ್ನೂ ಬಿಟ್ಟಿರಲಿಲ್ಲ. ಮಾಯೆಯ ವಿಚಾರದ ನಟ್ಟನಡುವೆ, “ಸ್ವಲ್ಪ ಒತ್ತಿ ಕೂಡ್ರಿ, ಹೊರಗ ನಿಂತವರಿಗೂ ಜಾಗ ಆಗತೈತಿ” ಎಂಬುದೂ ಅಚ್ಚಾಗಿತ್ತು. ಅದನ್ನೂ ಅದೇ ಭಕ್ತಿಯಿಂದ ಓದಿದೆ.

“ಇನ್ನೊಮ್ಮೆ ಓದಪಾ” ಎಂದಳು ಅವ್ವ.

ಮಾಯೆ ಅವಳಿಗೆಷ್ಟು ತಿಳಿಯಿತೋ ಕಾಣೆ. ಆದರೆ ಆ ವಾರವೇ, ಎಂದೋ ಮಾತು ಬಿಟ್ಟಿದ್ದ ತನ್ನ ನಾದಿನಿಯನ್ನು, ಗಂಡ ಸತ್ತು ಸಿರುಗುಪ್ಪದಲ್ಲಿ ದಿಕ್ಕಿಲ್ಲದಿದ್ದ ನಮ್ಮ ಸೋದರತ್ತೆಯನ್ನು, ಕರೆಸಿ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಇಟ್ಟುಕೊಂಡಳು.

ಅಷ್ಟರಲ್ಲಿ ಮಠದಿಂದ ಸುದ್ದಿ ಬಂತು: ಅದು ಕಳ್ಳ ಪುಸ್ತಕ, ತಪ್ಪು ತುಂಬಿದೆ, ಕೊಂಡವರು ತಂದೊಪ್ಪಿಸಬೇಕು. ಅತ್ತೆ ಗಂಟು ಕಟ್ಟತೊಡಗಿದಳು.

“ಒತ್ತಿ ಕೂಡ್ರಿ ಅಂತ ಸ್ವಾಮಿಗಳು ಅಂದೇ ಇಲ್ಲಂದ್ರ ನಾ ಯಾತರ ಮ್ಯಾಲ ಇಲ್ಲಿರ್ಲಿ? ಮೂರನೇ ಕ್ಲಾಸಿನವ ಏನು ಓದ್ಯಾನೋ ಏನೋ.”

“ಸುಮ್ಮನ ಕೂಡವಾ, ಕೇಳ್ಕೊಂಡು ಬರ್ತಾನ” ಎಂದು ಅವ್ವ ನನ್ನನ್ನು ಅಟ್ಟಿದಳು.

ಸೈಕಲ್ ತುಳಿದು ಕುರುಗೋಡು ಸೇರಿದೆ. ಸ್ವಾಮಿಗಳ ಮುಂದೆ ಆ ಸಾಲು ತೋರಿಸಿದಾಗ ಪಕ್ಕದಲ್ಲಿದ್ದ ಮಠದ ಕಾರಭಾರಿ ನಕ್ಕುಬಿಟ್ಟ. “ಅದು ಪ್ರವಚನ ಅಲ್ಲ ತಮ್ಮಾ. ಮಂದಿ ಗದ್ದಲಕ್ಕ ಅಂದದ್ದು.” ಭೂಮಿಗಿಳಿದು ಹೋದೆ. ಆದರೂ ಅತ್ತೆಯ ಸಂಗತಿಯನ್ನೆಲ್ಲ ಹೇಳಿದೆ.

ಸ್ವಾಮಿಗಳು ನಗಲಿಲ್ಲ. ಪುಟದ ಮೇಲೆ ಕೈಯಿಟ್ಟು ಹೇಳಿದರು.

“ಉಳಿದದ್ದೆಲ್ಲ ಹಿರಿಯರ ಮಾತಪ್ಪ. ಅವರನ್ನ ಕೇಳಿ ನಾನೂ ತಂದಿಲ್ಲ. ಇದೊಂದು ನಂದು. ಹೇಳಿ ಮರ್ತಿದ್ದೆ, ನಿಮ್ಮವ್ವ ನಡೆಸಿದಳು. ಅಂದದ್ದು ಖರೆ ಐತಿ ಅಂತ ನಿಮ್ಮತ್ತಿಗೆ ಹೇಳು.”

ಪುಸ್ತಕವನ್ನು ಎರಡೂ ಕೈಯಿಂದ ನನಗೇ ತಿರುಗಿ ಕೊಟ್ಟರು. ಅಷ್ಟು ದೊಡ್ಡವರು ನನ್ನೆದುರು ತಲೆ ತುಸು ಬಾಗಿಸಿದರು. ಅತ್ತೆ ಕೊನೆಯವರೆಗೂ ನಮ್ಮಲ್ಲೇ ಇದ್ದಳು.

ಅಂದಿನಿಂದ ಯಾವ ಪುಸ್ತಕ ತೆರೆದರೂ, ಬರೆದವರಿಗೇ ಗೊತ್ತಿಲ್ಲದೆ ಒಳಗೆ ಬಂದು ಕೂತ ಮಾತು ಯಾವುದಿರಬಹುದೆಂದು ಹುಡುಕುತ್ತೇನೆ. ಸಿಕ್ಕರೆ ಮೊದಲು ಅದನ್ನೇ ಗಟ್ಟಿಯಾಗಿ ಓದುತ್ತೇನೆ.