ತಾರಸಿ ಮೇಲಿನ ಕೆಂಪು ಟವೆಲ್

ಮಕ್ಕಳ ವಯಸ್ಸು ಅಂದಾಜು ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಕಡಿಮೆ. ಹನ್ನೊಂದು ವರ್ಷದಿಂದ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೇನೆ. ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು, ಅವನ ಉದ್ದ ಕಾಲುಗಳನ್ನು ಸೆರಗಿನಲ್ಲಿ ಮುಚ್ಚಿ, "ಇನ್ನೂ ಆರು ತುಂಬಿಲ್ಲ ಕಣವ್ವ" ಅನ್ನುವ ತಾಯಂದಿರನ್ನು ದಿನಾ ನೋಡುತ್ತೇನೆ. ನಾನು ಹುಡುಗನನ್ನು ನಗಿಸುತ್ತೇನೆ. ಮುಂದಿನ ಎರಡು ಹಲ್ಲು ಬಿದ್ದಿದ್ದರೆ ಮರುಮಾತಿಲ್ಲದೆ ಅರ್ಧ ಟಿಕೆಟ್. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಈ ಜಗಳ ಅರ್ಧಕ್ಕರ್ಧ ಇಳಿದಿದೆ. ಗಂಡುಹುಡುಗರಿಗೆ ಮಾತ್ರ ಈಗಲೂ ಬಸ್ಸಿನೊಳಗೆ ವಯಸ್ಸಾಗುವುದು ಬಹಳ ನಿಧಾನ.

ಇಂಥ ನನಗೆ ಸ್ವಂತ ಮಗಳ ವಯಸ್ಸೇ ತಿಳಿಯದೆ ಹೋಯಿತು. ಹತ್ತು ತುಂಬಿದೆ, ಅದು ಗೊತ್ತು. ಆದರೆ ಶಾಲೆ ಬಿಟ್ಟ ಮೇಲೆ ಮೂರೂವರೆ ಗಂಟೆ ಹೊತ್ತು ಮನೆಯಲ್ಲಿ ಒಬ್ಬಳೇ ಇರುವುದಕ್ಕೆ ಆ ಹತ್ತು ಸಾಕೋ ಸಾಲದೋ?

ನಾವಿರುವುದು ಹೊಳೆನರಸೀಪುರದಲ್ಲಿ, ಚನ್ನರಾಯಪಟ್ಟಣದ ರಸ್ತೆಗೆ ಮುಖ ಮಾಡಿದ ಒಂದು ಮಹಡಿ ಮನೆಯಲ್ಲಿ. ಕೆಳಗಿನ ಮನೆಯಲ್ಲಿ ಒಬ್ಬರು ಟೀಚರ್ ಇದ್ದರು. ನಾನು ಬರುವವರೆಗೆ ಮಗಳು ಅವರ ಮನೆಯಲ್ಲೇ ಉಂಡು, ಓದಿ, ಜಗಳವಾಡಿಕೊಂಡು ಇರುತ್ತಿದ್ದಳು. ಈ ವರ್ಷ ಅವರಿಗೆ ಹಿರೀಸಾವೆಗೆ ವರ್ಗವಾಯಿತು. ಅವರು ಸಾಮಾನು ತುಂಬಿಕೊಂಡು ಹೊರಟ ದಿನ ಅವರಿಗಿಂತ ನಾನೇ ಹೆಚ್ಚು ಅತ್ತೆ. ಯಜಮಾನರು ಹಾಸನದಲ್ಲಿ ಕೆಲಸ ಮುಗಿಸಿ ಬರುವುದು ರಾತ್ರಿ ಒಂಬತ್ತಕ್ಕೆ. ನನ್ನ ಡ್ಯೂಟಿ ಮುಗಿಯುವುದು ಏಳೂವರೆಗೆ.

ಅತ್ತೆ ಮಲ್ಲಿಪಟ್ಟಣದಿಂದ ಫೋನ್ ಮಾಡಿದರು. "ಎಣ್ಮಗ ಒಂಟಿಯಾಗಿ ಬಾಗ್ಲಾಕ್ಕೊಂಡು ಕುಂತ್ಕಬೇಕಾ? ಟೀಸಿ ತಕ್ಕೊಂಡು ಇಲ್ಗೇ ಕಳ್ಸ್ಬುಡವ್ವ. ಇಲ್ಲೂ ಇಸ್ಕೂಲ್ ಐತೆ. ನಾನ್ ಸಾಕ್ತೀನಿ."

ಆ ಮಾತಿನಲ್ಲಿ ತಪ್ಪೇನೂ ಸಿಗಲಿಲ್ಲ, ಅದಕ್ಕೇ ನನಗೆ ಸಿಟ್ಟು ಬಂತು. ಯಜಮಾನರನ್ನು ಕೇಳಿದರೆ "ನೀನು ಹೇಗೆ ಹೇಳ್ತೀಯೋ ಹಾಗೆ" ಅಂದರು. ಅದಕ್ಕೆ ಇನ್ನೂ ಸಿಟ್ಟು ಬಂತು. ಕೊನೆಗೆ ದಸರಾ ರಜೆಯವರೆಗೆ ನೋಡುವುದು, ಸರಿಹೋಗದಿದ್ದರೆ ಮಗಳನ್ನು ಅಜ್ಜಿಯ ಊರಿನ ಶಾಲೆಗೆ ಸೇರಿಸುವುದು ಎಂದಾಯಿತು. ಮಗಳಿಲ್ಲದ ಮನೆಗೆ ಏಳೂವರೆಗೆ ಬಂದು ನಾನು ಮಾಡುವುದಾದರೂ ಏನು ಎಂದು ಯಾರೂ ಕೇಳಲಿಲ್ಲ.

ಮನೆಯಲ್ಲೊಂದು ಫೋನ್ ಇಡಿ ಅಂದರು ಎಲ್ಲರೂ. ಇಟ್ಟೆ. ಮೊದಲ ದಿನ ನಾನೇ ಎಂಟು ಸಲ ಕಾಲ್ ಮಾಡಿ, ಚನ್ನರಾಯಪಟ್ಟಣಕ್ಕೆ ಕೇಳಿದವರಿಗೆ ಅರಕಲಗೂಡಿನ ಟಿಕೆಟ್ ಕೊಟ್ಟೆ. ಎರಡನೇ ದಿನ ಅವಳು ಆರು ಗಂಟೆಯೊಳಗೆ ಯಾರು ಯಾರೋ ಕುಣಿಯುವ ವಿಡಿಯೊ ನೋಡಿ ಚಾರ್ಜ್ ಮುಗಿಸಿದಳು. ಮೂರನೇ ದಿನ ಫೋನ್ ಬೀರುವಿಗೆ ಹೋಯಿತು.

ಆಮೇಲೆ ಹೊಳೆದದ್ದೇ ಟವೆಲ್ಲು. ನಮ್ಮ ಬಸ್ಸು ಬೆಳಗ್ಗೆಯೆಲ್ಲ ಹಾಸನಕ್ಕೂ ಅರಕಲಗೂಡಿಗೂ ಓಡಾಡಿ, ಸಂಜೆಯ ಟ್ರಿಪ್ಪಿನಲ್ಲಿ ಚನ್ನರಾಯಪಟ್ಟಣಕ್ಕೆ ಹೊರಡುತ್ತದೆ. ನಾಲ್ಕೂ ಮುಕ್ಕಾಲಿಗೆ ಸರಿಯಾಗಿ ನಮ್ಮ ಮನೆ ಮುಂದೆ ಹಾಯುತ್ತದೆ. ಮಗಳಿಗೆ ಹೇಳಿಕೊಟ್ಟೆ: ಶಾಲೆಯಿಂದ ಬಂದು, ಬಾಗಿಲ ಚಿಲಕ ಹಾಕಿ, ಹಾಲು ಕುಡಿದು, ಒಳಗಿನ ಮೆಟ್ಟಿಲು ಹತ್ತಿ ತಾರಸಿಯ ತಂತಿಗೆ ಕೆಂಪು ಟವೆಲ್ ಹಾಕಬೇಕು. ಅದು ಕಂಡರೆ ನೀನು ಕ್ಷೇಮ ಅಂತ ಅರ್ಥ.

ಇದು ಬಸ್ಸಿಗೆಲ್ಲ ಗೊತ್ತಾಯಿತು. ನಮ್ಮ ಡ್ರೈವರ್ ನಿವೃತ್ತಿಗೆ ಹತ್ತಿರವಿರುವ ಹಿರಿಯರು. ಮನೆ ಹತ್ತಿರ ಬಂದರೆ ನಿಧಾನ ಮಾಡಿ, "ಅದೋ, ಐತೆ ಕಣಮ್ಮ!" ಎಂದು ಎರಡು ಸಲ ಹಾರನ್ ಹೊಡೆಯುವರು. ದಿನಾ ಓಡಾಡುವವರೂ ಕತ್ತು ಚಾಚಿ ನೋಡುವರು. ನಾನು ಬಾಗಿಲಲ್ಲಿ ನಿಂತು ತಾರಸಿ ನೋಡಿ, ಉಸಿರು ಬಿಟ್ಟು, ಮುಂದಿನ ಟಿಕೆಟ್ಟಿಗೆ ಕೈ ಹಾಕುತ್ತಿದ್ದೆ. ಮೂರು ವಾರ ಹೀಗೆ ಸುಖವಾಗಿ ಕಳೆಯಿತು.

ನಾಲ್ಕನೇ ವಾರದಲ್ಲಿ ಒಂದು ದಿನ ಬೇರೊಂದು ಬಸ್ಸು ಕೆಟ್ಟು ನಿಂತು, ಅದರ ಟ್ರಿಪ್ಪು ನಮ್ಮ ತಲೆಗೆ ಬಂತು. ಬೆಳಗ್ಗೆ ಹನ್ನೊಂದು ಗಂಟೆಗೇ ನಮ್ಮ ಮನೆ ಮುಂದೆ ಬಂದೆವು. ರೂಢಿಯಂತೆ ಬಸ್ಸು ನಿಧಾನವಾಯಿತು.

"ಅದೋ, ಐತೆ!" ಅಂದರು ಡ್ರೈವರಣ್ಣ. ಹಾರನ್ನೂ ಆಯಿತು. ಆಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. "ಅಲ್ಲ ಮೇಡಂ, ಈಗ್ ಅನ್ನೊಂದ್ ಗಂಟೆ ಅಲ್ವಾ?"

ಮಗಳು ಶಾಲೆಯಲ್ಲಿರಬೇಕಾದ ಹೊತ್ತು. ಹುಷಾರಿಲ್ಲದೆ ಮನೆಗೆ ಬಂದುಬಿಟ್ಟಿದ್ದಾಳೆ ಅಂದುಕೊಂಡೆ. ಕೇಳುವ ಮೊದಲೇ ಅವರು ಬಸ್ಸು ನಿಲ್ಲಿಸಿದ್ದರು. ಎರಡೆರಡು ಮೆಟ್ಟಿಲು ಹತ್ತಿ ಓಡಿದೆ. ಬಾಗಿಲಿಗೆ ಹೊರಗಿನಿಂದ ಬೀಗ. ಕೂಗಿದೆ, ಉತ್ತರವಿಲ್ಲ. ಶಾಲೆಗೆ ಫೋನ್ ಮಾಡಿದರೆ ಹೆಡ್‌ಮೇಡಂ ಕ್ಲಾಸಿಗೇ ಹೋಗಿ ನೋಡಿ ಬಂದು, "ಇದ್ದಾಳಲ್ಲ, ಹಿಂದಿನ ಬೆಂಚಲ್ಲಿ ಮಾತಾಡ್ತಾ ಕೂತಿದ್ದಾಳೆ" ಅಂದರು.

ಜೀವ ಬಂತು. ಆದರೆ ಬಸ್ಸು ಹತ್ತುವಷ್ಟರಲ್ಲಿ ಮತ್ತೆ ಹೋಯಿತು. ನಾನು ಎಂಟಕ್ಕೆ ಮನೆ ಬಿಟ್ಟರೆ ಅಪ್ಪ ಮಗಳು ಒಂಬತ್ತಕ್ಕೆ ಬಿಡುತ್ತಾರೆ. ಅಂದರೆ ಈ ಹುಡುಗಿ ಬೆಳಗ್ಗೆಯೇ ಟವೆಲ್ ಹಾಕಿ ಹೋಗುತ್ತಾಳೆ. ಹಾಗಾದರೆ ಮೂರು ವಾರದಿಂದ ನಾಲ್ಕೂ ಮುಕ್ಕಾಲಿಗೆ ಅವಳು ಎಲ್ಲಿದ್ದಳು? ನಾನು ಬಟ್ಟೆಯ ತುಂಡೊಂದನ್ನು ನೋಡಿ ನೆಮ್ಮದಿಯಾಗಿದ್ದೆ. ರಸ್ತೆ, ಲಾರಿಗಳು, ನಾಲೆಯ ದಂಡೆ, ಯಾವ ಯಾವ ಗೆಳತಿಯರ ಮನೆಯೋ. ಇಷ್ಟು ದಿನ ತಡೆದು ನಿಲ್ಲಿಸಿದ್ದ ಹೆದರಿಕೆಯೆಲ್ಲ ಒಟ್ಟಿಗೆ ನುಗ್ಗಿತು. ಅದರ ಹಿಂದೆಯೇ ಸಿಟ್ಟು. ಹತ್ತು ವರ್ಷಕ್ಕೇ ಅಮ್ಮನ ಕಣ್ಣಿಗೆ ಮಣ್ಣೆರಚುವವಳನ್ನು ಒಬ್ಬಳೇ ಬಿಡುವುದು ಹೇಗೆ? ಅರಕಲಗೂಡಿನ ಬಸ್‌ಸ್ಟಾಂಡಿನಲ್ಲಿ ಅತ್ತೆಯ ನಂಬರ್ ಒತ್ತಿಯೇಬಿಟ್ಟೆ. ರಿಂಗ್ ಆಗುವ ಮೊದಲೇ ಜನ ನುಗ್ಗಿದರು. ಕಟ್ ಮಾಡಿದೆ. ಮಗಳ ಮುಖ ನೋಡಿ ಆಮೇಲೆ ಹೇಳೋಣ ಅನ್ನಿಸಿತು.

ಸಂಜೆಯ ಟ್ರಿಪ್ಪಿನಲ್ಲಿ ಡ್ರೈವರಣ್ಣ "ಐತೆ" ಅನ್ನಲಿಲ್ಲ. ನಮ್ಮ ಮನೆ ಹತ್ತಿರವಾದಾಗ ಗೇರು ಇಳಿಸಿ, "ನಿಲ್ಲುಸ್ಲಾ ತಾಯಿ?" ಎಂದು ಕೇಳಿದರು. ಟವೆಲ್ ತಂತಿಯ ಮೇಲೆ ಹಾರಾಡುತ್ತಿತ್ತು. ಅದನ್ನು ಕಂಡರೆ ಮೈಯೆಲ್ಲ ಉರಿಯಿತು. ನೋಡಲಾಗದೆ ಕಣ್ಣು ಕೆಳಗಿಳಿಸಿದೆ.

ತಾರಸಿಯ ಕೆಳಗೆ ನಮ್ಮ ಅಡುಗೆಮನೆಯ ಕಿಟಕಿ. ಸರಳುಗಳ ಹಿಂದೆ ಮಗಳು ನಿಂತಿದ್ದಳು. ಒಂದು ಕೈಯಲ್ಲಿ ಹಾಲಿನ ಲೋಟ. ಇನ್ನೊಂದು ಕೈಯನ್ನು ಸರಳಿನಿಂದ ಮೊಣಕೈವರೆಗೂ ಹೊರಗೆ ಚಾಚಿ, ಬಸ್ಸಿನ ಬಾಗಿಲಲ್ಲಿದ್ದ ನನ್ನನ್ನೇ ನೋಡುತ್ತ ಬೀಸುತ್ತಿದ್ದಳು.

"ಬೇಡ ಅಣ್ಣ, ಹೋಗಿ" ಅಂದೆ. ಟಿಕೆಟ್ ಮಷಿನ್ ಹಿಡಿದ ಕೈಯನ್ನೇ ಎತ್ತಿ ಬೀಸಿದೆ. ಅವಳ ಕೈ ಒಂದು ಕ್ಷಣ ನಿಂತುಹೋಯಿತು. ಆಮೇಲೆ ಎರಡರಷ್ಟು ಜೋರಾಗಿ ಬೀಸಿದಳು, ಹಾಲು ತುಳುಕಿತು. ಬೆಳಗ್ಗೆಯಿಂದ ಹೊತ್ತಿದ್ದ ಮೂಟೆ ಇಳಿಸಿದ ಹಾಗಾಗಿ, ನಾನು ಎಲ್ಲರೆದುರಿಗೆ ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

ಏಳೂವರೆಗೆ ಮನೆಗೆ ಬಂದು, ಬೈಯಬೇಕೆಂದು ಕೂಡಿಟ್ಟುಕೊಂಡಿದ್ದ ಮಾತೆಲ್ಲ ಮರೆತು, ಟವೆಲ್ ಬೆಳಗ್ಗೇನೇ ಯಾಕೆ ಹಾಕ್ತೀಯ ಎಂದು ಮಾತ್ರ ಕೇಳಿದೆ.

"ಸಾಯಂಕಾಲ ನಾನು ಮರ್ತೋದ್ರೆ? ನೀನು ಹೆದ್ರುಕೋತೀಯಲ್ಲ" ಅಂದಳು.

"ದಿನಾ ಕಿಟಕೀಲಿ ನಿಂತ್ಕೋತೀಯಾ?"

"ಹೂಂ. ದಿನಾ ಟಾಟಾ ಮಾಡ್ತೀನಿ. ನೀನು ಮೇಲ್ಗಡೆನೇ ನೋಡ್ತಿರ್ತೀಯ."

ಅದರಲ್ಲಿ ದೂರು ಇರಲಿಲ್ಲ. ಇವತ್ತು ಹಾಲಿನಲ್ಲಿ ಕೆನೆ ಇತ್ತು ಅನ್ನುವ ಹಾಗೆ ಹೇಳಿದಳು. ಇವಳ ವಯಸ್ಸು ಎಷ್ಟೆಂದು ನಾನು ತಲೆ ಕೆಡಿಸಿಕೊಂಡಿದ್ದೆ. ಅಮ್ಮನಿಗೆ ಎಷ್ಟು ಧೈರ್ಯವಿದೆ ಎಂದು ಇವಳು ಮೊದಲ ವಾರದಲ್ಲೇ ಅಳೆದು, ಅದಕ್ಕೆ ತಕ್ಕ ವ್ಯವಸ್ಥೆಯನ್ನೂ ಮಾಡಿಬಿಟ್ಟಿದ್ದಳು. ನಗು ಬಂತು, ನಾಚಿಕೆಯೂ ಆಯಿತು. ಹತ್ತಿರ ಎಳೆದುಕೊಂಡರೆ "ಅಮ್ಮಾ, ಬೆವರು" ಎಂದು ಕೊಸರಿಕೊಂಡಳು.

ಆಮೇಲೆ ಅತ್ತೆಗೆ ಫೋನ್ ಮಾಡಿದೆ. ಟೀಸಿ ತೆಗೆಸುವುದಿಲ್ಲ, ಮಗು ಇಲ್ಲೇ ಇರುತ್ತೆ ಎಂದೆ. ಅವರು "ಆಯ್ತು ಬುಡವ್ವ, ರಜಕ್ಕಾದ್ರೂ ಕಳ್ಸು" ಅಂದರು.

ಮಾರನೆಯ ದಿನ ತಂತಿ ಖಾಲಿಯಿತ್ತು. ಡ್ರೈವರಣ್ಣ ತಾರಸಿ ನೋಡಿ ಗಾಬರಿಯಾಗಿ ಬ್ರೇಕಿಗೆ ಕಾಲು ಹಾಕಿದರು.

"ಮೇಲೆ ಅಲ್ಲ ಅಣ್ಣ, ಕೆಳಗೆ ನೋಡಿ" ಅಂದೆ. ನನ್ನ ಕೈ ಆಗಲೇ ಮೇಲೆದ್ದಿತ್ತು.