ಹೋಗುವ ದಾರಿ, ಬರುವ ದಾರಿ: ಸಿಂದಗಿಯ ಜೈತುನಬಿ

ಬೆಳಗಿನ ಐದೂವರೆ. ಸಿಂದಗಿಯ ರೇಷನ್ ಅಂಗಡಿಯ ಮೇಲಿನ ಕೋಣೆಯಲ್ಲಿ ಜೈತುನಬಿ ರೌಟರ್ ಪೆಟ್ಟಿಗೆಯ ಧೂಳು ಒರೆಸುತ್ತಿದ್ದಾರೆ. "ಇಂಡಿ ಐತಿ, ಮುದ್ದೇಬಿಹಾಳ ಐತಿ, ಬಾಗೇವಾಡಿ ಐತಿ," ಎಂದು ಹಸಿರು ದೀಪಗಳ ಹಾಜರಿ ತೆಗೆದುಕೊಳ್ಳುತ್ತಾರೆ.

ತಮ್ಮ ಎಸ್‌ಟಿಡಿ ಬೂತ್ ಮುಚ್ಚಿದ ಮೇಲೆ ಕೇಬಲ್ ಕೆಲಸಕ್ಕೆ ಸೇರಿದವರು ಇವರು. ಈಗ ನಲವತ್ತೆಂಟು ವಯಸ್ಸು. ಯಾವ ಊರಿನ ಮಾಹಿತಿ ಯಾವ ತಂತಿ ಹಿಡಿದು ಹೋಗಬೇಕೆಂದು ರೌಟರಿಗೆ ಕೈಯಾರೆ ಬರೆದುಕೊಡುತ್ತಾರೆ. ಇದಕ್ಕೆ ಸ್ಟ್ಯಾಟಿಕ್ ರೂಟ್ ಎನ್ನುತ್ತಾರೆ. ನಾಲ್ಕು ತಾಲ್ಲೂಕಿಗೆ ಇಂಥವು ನೂರಾ ಹದಿನಾಲ್ಕು.

"ಇವಕ್ಕ ಸ್ವಂತ ಬುದ್ಧಿ ಇಲ್ರಿ. ಮುಂದ ತಂತಿ ಹರದಿದ್ರೂ ಹೇಳಿದ ಹಾದಿನ ಹಿಡೀತಾವು, ನಮ್ಮ ಮನಿಯವ್ರಂಗ."

ಕಳೆದ ತಿಂಗಳು ರೇಷನ್ ಹಂಚಿಕೆಯ ಕಡೆಯ ದಿನ ನಾಲ್ಕೂ ತಾಲ್ಲೂಕಿನ ಮಾಹಿತಿ ಹೋಗಿ ಸೇರುವ ಬಾಗೇವಾಡಿಯ ಮುಖ್ಯ ಕೋಣೆಯ ತಂತಿಯನ್ನು ಜೆಸಿಬಿಯೊಂದು ಕಿತ್ತುಹಾಕಿತು. ಜೈತುನಬಿ ಇಂಡಿ ಊರಿನ ಮೂಲಕ ಹಾಯುವಂತೆ ಹೊಸ ದಾರಿ ಬರೆದು, ನಿಶ್ಚಿಂತೆಯಿಂದ ಚಹಾಕ್ಕೆ ಕೂತರು.

ಕೆಳಗೆ ಎಪ್ಪತ್ತರ ಶೇವಂತೆವ್ವ ಹನ್ನೊಂದು ಸಲ ಹೆಬ್ಬೆಟ್ಟು ಒತ್ತಿದರೂ ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ. ಗೆರೆ ಸವೆದಿವೆ ಎಂದ ಅಂಗಡಿಯವನು. ಸರದಿಯಲ್ಲಿದ್ದ ನಲವತ್ತು ಜನರ ಬಳಿ ನಲವತ್ತು ಔಷಧಿ. ಕೊಬ್ಬರಿ ಎಣ್ಣೆ ಆಯಿತು, ಬೂದಿ ಆಯಿತು, ಕೊನೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಬೇಸತ್ತ ಮುದುಕಿ ಮೆಟ್ಟಿಲು ಹತ್ತಿ ಬಂದು, ಕೆಂಪಗಾದ ಬೆರಳನ್ನು ಜೈತುನಬಿಯ ಮುಂದೆ ಹಿಡಿದಳು.

"ಇದು ನಂದ ಹೌದಲ್ಲೋ ನೋಡವ್ವಾ. ಹುಟ್ಟಿದಾಗಿಂದ ನನ್ನ ಕೈಯಾಗ ಐತಿ."

ಜೈತುನಬಿಗೆ ಆಗ ಹೊಳೆಯಿತು. "ಹೋಗು ಹಾದಿ ಬರದಿದ್ದೆ, ಬರು ಹಾದಿ ಮರತಿದ್ದೆ," ಎಂದು ಈಗಲೂ ಕೆನ್ನೆ ಬಡಿದುಕೊಳ್ಳುತ್ತಾರೆ. ಮುದುಕಿಯ ಹೆಬ್ಬೆಟ್ಟು ಬಾಗೇವಾಡಿ ಮುಟ್ಟುತ್ತಿತ್ತು. ಅಲ್ಲಿನ ಉತ್ತರ ಮಾತ್ರ ಹರಿದ ತಂತಿಗೇ ಹೋಗಿ ಬೀಳುತ್ತಿತ್ತು.

ಬಾಗೇವಾಡಿಯ ಆಪರೇಟರ್ ಸಂಜೀವಕುಮಾರರಿಗೆ ಫೋನು ಹೋಯಿತು. "ಸಿಂದಗಿ ಉತ್ತರ ಇಂಡಿ ಮ್ಯಾಲ ಕಳಸ್ರಿ."

"ನೀವ ಬರದಕೊಟ್ಟಿದ್ದರಾಗ ಹಂಗಿಲ್ಲಲ್ರಿ."

"ನಾನ ತಪ್ಪಿ ಬರದೇನಿ. ಟೈಪ್ ಮಾಡ್ರಿ."

ಒಂದು ಸಾಲು ಟೈಪಾಯಿತು. ಮುದುಕಿ ಕೆಳಗಿಳಿದು ಹನ್ನೆರಡನೆಯ ಸಲ ಬೆರಳಿಟ್ಟ ಕೂಡಲೇ ಯಂತ್ರ ಚೀಟಿ ಉಗುಳಿತು. ಸರದಿಯವರೆಲ್ಲ ಹುಣಸೆಹಣ್ಣಿಗೆ ಮುಗಿಬಿದ್ದರು. ಜೈತುನಬಿ ಇಳಿದು ಬಂದು ತಪ್ಪು ತನ್ನದೆಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಈಗ ಹುಣಸೆಯ ಬಟ್ಟಲೊಂದು ಕಾಯಂ ಕೂತಿದೆ.

ಬೇಜಾರಿಲ್ಲವೇ ಎಂದು ಕೇಳುತ್ತೇನೆ. ಅವರು ಧೂಳಿನ ಬಟ್ಟೆ ಕೊಡವುತ್ತಾರೆ.

"ಹೆಸರು ಹುಣಸಿಹಣ್ಣಿಗೆ ಬರ್ಲಿ ಬಿಡ್ರಿ. ಆಕಿ ಅಕ್ಕಿ ಮನಿ ಮುಟ್ಟಿತಲ್ಲ."