ಏಕಾದಶಿಯ ನಾಲ್ಕು ಮಾತ್ರೆಗಳು

ನನಗೆ ಸಿಟ್ಟು ಬೇಗ ಬರುತ್ತದೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಸಿಟ್ಟು ಬಂತೋ, ಸಿಟ್ಟು ಇದ್ದದ್ದರಿಂದಲೇ ಗಣಿತ ಮಾಷ್ಟ್ರಾದೆನೋ ಗೊತ್ತಿಲ್ಲ. ಹೆಂಡತಿಯನ್ನು ಕೇಳಿದರೆ ಎರಡನೆಯದೇ ಸರಿ ಎನ್ನುತ್ತಾಳೆ. ಆ ಸಿಟ್ಟಿನ ಭರದಲ್ಲಿ ಒಂದು ದಿನ ಕಾವೂರಿನ ಮೆಡಿಕಲ್ ಶಾಪೊಂದರಲ್ಲಿ, ನಾಲ್ಕು ಜನ ಗಿರಾಕಿಗಳ ಎದುರು, ಮದ್ದು ಕೊಡುವ ಹುಡುಗಿಗೆ ಜೋರು ಮಾಡಿದ್ದೆ. ಅವಳು ನನ್ನ ಜೋರಿಗೆ ಹೆದರಿ ಸುಮ್ಮನಾಗಿದ್ದರೆ ಇದನ್ನು ಬರೆಯಲು ಬಹುಶಃ ನಾನು ಇರುತ್ತಿರಲಿಲ್ಲ.

ನಿವೃತ್ತಿಯ ಮರುವರ್ಷ ನನ್ನ ಹೃದಯದ ಒಂದು ಕವಾಟ ಕೈಕೊಟ್ಟಿತು. ಅದನ್ನು ತೆಗೆದು ಲೋಹದ್ದನ್ನು ಕೂರಿಸಿದರು. ಲೋಹದ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಉಂಟು, ಹೆಪ್ಪು ತಲೆಗೆ ಹೋದರೆ ಪಾರ್ಶ್ವವಾಯು. ಅದಕ್ಕೆ ರಕ್ತ ತೆಳು ಮಾಡುವ ಮಾತ್ರೆ, ಜೀವ ಇರುವವರೆಗೆ, ದಿನಕ್ಕೊಂದು, ರಾತ್ರಿ ಊಟದ ನಂತರ. ಮಾತ್ರೆ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ನಡುವಿನ ಹಾದಿ ಬಹಳ ಸಪೂರ. ತಿಂಗಳಿಗೊಮ್ಮೆ ಪರೀಕ್ಷೆಗೆ ರಕ್ತ ಕೊಟ್ಟರೆ ಐಎನ್‌ಆರ್ ಎಂಬ ಒಂದು ಸಂಖ್ಯೆ ಬರುತ್ತದೆ. ರಕ್ತ ದಪ್ಪವಾದರೆ ಅದು ಇಳಿಯುತ್ತದೆ, ತೆಳುವಾದರೆ ಏರುತ್ತದೆ. ನನ್ನದು ಎರಡೂವರೆಗಿಂತ ಕೆಳಗಿಳಿಯಬಾರದು, ಮೂರೂವರೆ ದಾಟಬಾರದು ಎಂದು ಡಾಕ್ಟರು ಗೆರೆ ಎಳೆದುಕೊಟ್ಟರು.

ಹುಡುಗಿ ಎಂದೆನಲ್ಲ, ಅವಳಿಗೆ ಶಾಲೆಗೆ ಹೋಗುವ ಮಗಳಿದ್ದಾಳೆ. ಆದರೆ ನನ್ನ ವಯಸ್ಸಿಗೆ ಅವಳು ಹುಡುಗಿಯೇ. ಮನೆಮಾತು ಕೊಂಕಣಿ. ಫಾರ್ಮಸಿ ಓದಿದವಳು, ಅಂಗಡಿ ಅವಳದ್ದೇ. ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ಹತ್ತೂವರೆಗೆ ಬಾಗಿಲು ತೆಗೆಯುತ್ತಾಳೆ. ನಾನು ಮೊದಲ ಸಲ ಆ ಮಾತ್ರೆಯ ಚೀಟಿ ಹಿಡಿದು ಹೋದಾಗ ಮಾತ್ರೆಗಿಂತ ಮೊದಲು ನನ್ನ ಮೊಬೈಲು ಕೇಳಿದಳು.

"ಇದಕ್ಕೊಂದು ಆ್ಯಪ್ ಉಂಟು ಮಾಷ್ಟ್ರೆ, ಹಾಕಿ ಕೊಡ್ತೇನೆ. ರಾತ್ರಿ ಎಂಟಕ್ಕೆ ಬೆಲ್ ಆಗ್ತದೆ. ಮಾತ್ರೆ ತೆಗೊಂಡ ಮೇಲೆ ಹಸಿರು ಒತ್ತಿ. ಮರೆತ್ರೆ ಕೆಂಪು ಒತ್ತಿ. ಎಂತದ್ದೂ ಒತ್ತದಿದ್ರೆ ಮರುದಿನ ಮಧ್ಯಾಹ್ನಕ್ಕೆ ಅದೇ ಕೆಂಪು ಆಗ್ತದೆ, ನನ್ನ ಫೋನಿನಲ್ಲಿ ನನಗೆ ಗೊತ್ತಾಗ್ತದೆ."

"ಗೊತ್ತಾದ್ರೆ ನೀವು ಎಂತ ಮಾಡ್ತೀರಿ?"

"ಫೋನ್ ಮಾಡಿ ಬೈತೇನೆ," ಎಂದು ನಕ್ಕಳು.

ಬೈಸಿಕೊಳ್ಳುವ ಅಭ್ಯಾಸ ನನಗೆ ಇರಲಿಲ್ಲ. ಹಾಗಾಗಿ ಒಂದು ದಿನವೂ ಕೆಂಪು ಬೀಳಲು ಬಿಡಲಿಲ್ಲ. ತಿಂಗಳ ಕೊನೆಗೆ ಆ್ಯಪ್ ತೆರೆದರೆ ಹಸಿರು ಚುಕ್ಕೆಗಳ ಸಾಲು, ಪೂರ್ಣ ಹಾಜರಿ. ಅದನ್ನು ಹೆಂಡತಿಗೆ ತೋರಿಸಿ ಬೀಗುತ್ತಿದ್ದೆ. "ಇಷ್ಟು ವರ್ಷ ನಾನು ಊಟಕ್ಕೆ ಕರೆದ್ರೆ ಒಂದು ದಿನ ಟೈಮಿಗೆ ಬಂದವರಲ್ಲ. ಈಗ ಮೊಬೈಲು ಕರೆದ್ರೆ ಓಡ್ತೀರಿ ಮಾರಾಯ್ರೆ," ಎಂದು ಅವಳು ತಮಾಷೆ ಮಾಡುತ್ತಿದ್ದಳು.

ಇನ್ನೊಂದು ಸಂಗತಿ ಹೇಳಬೇಕು. ನಮ್ಮದು ಪೂಜೆಯ ಮನೆತನ. ಅಣ್ಣ ಕಾಟಿಪಳ್ಳದಲ್ಲಿದ್ದಾನೆ, ಹುಡುಗಪ್ರಾಯದಿಂದಲೂ ಅರ್ಚಕ. ನಾನು ಮಾಷ್ಟ್ರಿಕೆಗೆ ಹೋದವನು, ನಿವೃತ್ತಿಯ ಮೇಲೆ ಮನೆಯ ಹತ್ತಿರದ ಸಣ್ಣ ದೇವಸ್ಥಾನದ ಬೆಳಗಿನ ಪೂಜೆಗೆ ನಿಂತೆ. ಉಪನಯನ ಆದಂದಿನಿಂದ ಏಕಾದಶಿ ಬಿಟ್ಟವನಲ್ಲ. ಹದಿನೈದು ದಿನಕ್ಕೊಮ್ಮೆ ಬರುವ ಆ ವ್ರತಕ್ಕೆ ಹಿಂದಿನ ದಿನ, ದಶಮಿಯ ರಾತ್ರಿಯೇ ಊಟ ಬಿಡುತ್ತೇವೆ. ಏಕಾದಶಿಯಂದು ನೀರೂ ಇಲ್ಲ. ಮರುದಿನ ದ್ವಾದಶಿ, ಸೂರ್ಯ ಮೂಡುವ ಹೊತ್ತಿಗೆ ಪೂಜೆ ಮುಗಿಸಿ ಪಾರಣೆಯ ಊಟ. ಅಪ್ಪ ಹಾಗೆ ಮಾಡಿದರು, ನಾನೂ ಹಾಗೆ. ಆಪರೇಶನ್ ಆದ ಮೇಲೆ ಡಾಕ್ಟರು ಉಪವಾಸದ ವಿಷಯ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಾತ್ರೆಯ ಚೀಟಿಯಲ್ಲಿ ಬರೆದದ್ದು ರಾತ್ರಿ ಊಟದ ನಂತರ ಎಂದು. ದಶಮಿಗೆ ರಾತ್ರಿ ಊಟ ಇಲ್ಲ, ಏಕಾದಶಿಗೆ ಊಟವೇ ಇಲ್ಲ. ಊಟ ಇಲ್ಲದ ಮೇಲೆ ಊಟದ ನಂತರ ಎಂಬುದು ಎಲ್ಲಿಂದ ಬರಬೇಕು? ಆ ಎರಡು ರಾತ್ರಿ ನಾನು ಮಾತ್ರೆ ಮುಟ್ಟುತ್ತಿರಲಿಲ್ಲ. ಎಂಟಕ್ಕೆ ಬೆಲ್ ಮಾತ್ರ ಬಿಡುತ್ತಿರಲಿಲ್ಲ, ಕರು ಕೂಗಿದ ಹಾಗೆ ಕೂಗುತ್ತಿತ್ತು. ಹಸಿರು ಒತ್ತಿ ಬಾಯಿ ಮುಚ್ಚಿಸುತ್ತಿದ್ದೆ. ಇದು ಸುಳ್ಳು ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ಲೆಕ್ಕದಲ್ಲಿ ಅವು ರಜೆಯ ದಿನಗಳು, ರಜೆಯ ದಿನ ಯಾರೂ ಗೈರುಹಾಜರಿ ಹಾಕುವುದಿಲ್ಲ.

ರಕ್ತ ಕೊಡಲು ಹೋಗುತ್ತಿದ್ದದ್ದು ದ್ವಾದಶಿಯ ದಿನ. ಆ ದಿನ ಪೂಜೆ ಬೇಗ ಮುಗಿಯುತ್ತದೆ, ಎಂಟು ಗಂಟೆಗೆ ನನಗೆ ಬಿಡುವು. ನಾಲ್ಕು ತಿಂಗಳ ಹಿಂದೆ ಅಂಥ ಒಂದು ದ್ವಾದಶಿಯಂದು ಒಂದು ಪಾಯಿಂಟ್ ಆರು ಬಂತು. ಡಾಕ್ಟರು ಆ್ಯಪ್ ನೋಡಿದರು, ಎಲ್ಲ ಹಸಿರು. ಮನುಷ್ಯ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾನೆ, ಮಾತ್ರೆಯೇ ಸಾಲುತ್ತಿಲ್ಲ ಎಂದು ಅವರಿಗೆ ಕಂಡಿತು. ಬೇರೆ ಯಾರಿಗಾದರೂ ಹಾಗೆಯೇ ಕಾಣುತ್ತಿತ್ತು. ಐದು ಮಿಲಿಗ್ರಾಂ ಇದ್ದದ್ದನ್ನು ಆರು ಮಾಡಿದರು. ಮುಂದಿನ ತಿಂಗಳ ದ್ವಾದಶಿಗೆ ಒಂದು ಪಾಯಿಂಟ್ ಎಂಟು. ಡಾಕ್ಟರು ಊರಲ್ಲಿ ಇರಲಿಲ್ಲ, ಒಂದೂವರೆ ವಾರದ ಮೇಲೆ ಸಿಕ್ಕಿದರು. ಮತ್ತೆ ಹಸಿರು ಸಾಲು ನೋಡಿ ಇನ್ನೂ ಒಂದು ಮಿಲಿಗ್ರಾಂ ಏರಿಸಿ ಬರೆದುಕೊಟ್ಟರು.

ಆ ಚೀಟಿ ಹಿಡಿದು, ಮದ್ದಿನ ಚೀಲದೊಂದಿಗೆ ನೇರ ಅಂಗಡಿಗೆ ಹೋದೆ. ಅವಳು ಚೀಟಿ ಓದಿದಳು, ಕಂಪ್ಯೂಟರ್ ನೋಡಿದಳು, ಆಮೇಲೆ ನನ್ನ ಮುಂಗೈ ನೋಡಿದಳು. ಅಲ್ಲಿ ದೊಡ್ಡದೊಂದು ನೀಲಿ ಕಲೆ ಇತ್ತು.

"ಎಲ್ಲಿ ತಾಗಿದ್ದು ಮಾಷ್ಟ್ರೆ?"

"ಎಲ್ಲಿಯೂ ಇಲ್ಲ. ಘಂಟೆಯೋ ಬಾಗಿಲೋ ತಾಗಿರಬೇಕು."

"ಹಲ್ಲುಜ್ಜುವಾಗ ರಕ್ತ ಬರ್ತದಾ?"

"ಸ್ವಲ್ಪ. ಬ್ರಷ್ ಹೊಸತು."

ಅವಳು ಮಾತ್ರೆ ತೆಗೆಯಲು ಏಳಲಿಲ್ಲ. "ರಕ್ತ ದಪ್ಪ ಅಂತ ರಿಪೋರ್ಟ್ ಉಂಟು. ನಿಮ್ಮ ಕೈ ನೋಡಿದ್ರೆ ತೆಳು ಆದ ಹಾಗೆ ಉಂಟು. ಇನ್ನೊಂದು ಎಂತ ಅಂದ್ರೆ, ಮೂವತ್ತು ದಿನದ್ದು ತೆಗೊಂಡು ಹೋಗಿದ್ದಿರಿ. ನಿನ್ನೆಗೆ ಮುಗಿಯಬೇಕಿತ್ತು. ಹಳೆ ಸ್ಟ್ರಿಪ್ ಉಂಟಾ? ಒಮ್ಮೆ ಚೀಲ ತೋರಿಸಿ."

ಚೀಲ ತೋರಿಸಿ. ನನ್ನ ತಲೆಗೆ ರಕ್ತ ಏರಿತು. "ನಿಮಗೆ ಚೀಟಿ ಓದ್ಲಿಕ್ಕೆ ಬರ್ತದಲ್ಲ? ಡಾಕ್ಟರು ಬರೆದದ್ದು ಕೊಡಿ. ನನ್ನ ಸರ್ವೀಸಿನಲ್ಲಿ ಒಬ್ಬ ಇನ್‌ಸ್ಪೆಕ್ಟರ್ ನನ್ನ ಚೀಲಕ್ಕೆ ಕೈ ಹಾಕಿದ್ದಿಲ್ಲ," ಎಂದು ಕೂಗಿದೆ. ಪಕ್ಕದಲ್ಲಿ ಕೆಮ್ಮಿನ ಮದ್ದಿಗೆ ನಿಂತಿದ್ದವರು ಕೆಮ್ಮುವುದನ್ನೇ ನಿಲ್ಲಿಸಿದರು.

ಅವಳ ಮುಖ ಕೆಂಪಾಯಿತು. ಆದರೂ ಸ್ವರ ಏರಿಸಲಿಲ್ಲ. "ನೀವು ಎಷ್ಟು ಮಕ್ಕಳ ಚೀಲ ನೋಡಿಲ್ಲ ಮಾಷ್ಟ್ರೆ? ನೋಡದೆ ನಾನು ಇದನ್ನು ಕೊಡುದಿಲ್ಲ. ಬೇರೆ ಅಂಗಡಿಗೆ ಹೋಗುದಿದ್ರೆ ಹೋಗಿ. ಆದ್ರೆ ನೀವು ಹೋಗುದು ಬೇಡ ಅಂತ ನನಗೆ ಉಂಟು."

ಆ ಕೊನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಚೀಲದಿಂದ ಸ್ಟ್ರಿಪ್ ತೆಗೆದು ಕೌಂಟರಿನ ಮೇಲೆ ಹಾಕಿದೆ. ಅವಳು ಬೆರಳಿಟ್ಟು ಎಣಿಸಿದಳು. ನಾಲ್ಕು ಮಾತ್ರೆ ಉಳಿದಿದ್ದವು.

"ಮೂವತ್ತು ಹಸಿರು ಒತ್ತಿದ್ದೀರಿ, ಮಾತ್ರೆ ಇಪ್ಪತ್ತಾರೇ ಹೋಗಿದೆ. ಈ ನಾಲ್ಕು ಯಾವ ದಿನದ್ದು?"

"ಅವು ಏಕಾದಶಿಯವು," ಎಂದೆ. ಹೇಳುವಾಗಲೇ ನನ್ನ ಸ್ವರ ಇಳಿದಿತ್ತು.

ಏಕಾದಶಿಗೂ ಮಾತ್ರೆಗೂ ಎಂತ ಸಂಬಂಧ ಎಂದು ಅವಳು ಕೇಳಿದಳು. ದಶಮಿ, ಏಕಾದಶಿ, ಪಾರಣೆ ಎಲ್ಲ ಹೇಳಿದೆ. ಅವಳು ಗೋಡೆಯಿಂದ ಕ್ಯಾಲೆಂಡರ್ ಇಳಿಸಿ ಕೌಂಟರಿನ ಮೇಲೆ ಹರಡಿದಳು. ನಮ್ಮೂರಿನ ಕ್ಯಾಲೆಂಡರಿನಲ್ಲಿ ಹಬ್ಬ, ತಿಥಿ, ನಮಾಜಿನ ಹೊತ್ತು, ಸಂತರ ದಿನ ಎಲ್ಲ ಇರುತ್ತವೆ. ನಾನು ರಕ್ತ ಕೊಟ್ಟ ಎರಡೂ ತಾರೀಕಿನ ಮೇಲೆ ಪೆನ್ಸಿಲ್ ಗುರುತು ಹಾಕಿದಳು. ಎರಡೂ ದ್ವಾದಶಿ. ಎರಡು ರಾತ್ರಿ ಮಾತ್ರೆ ಬಿಟ್ಟ ಮರುಬೆಳಿಗ್ಗೆ ನಾನು ರಕ್ತ ಕೊಡುತ್ತಿದ್ದೆ. ಹದಿನೈದು ದಿನದಲ್ಲಿ ರಕ್ತ ಅತಿ ದಪ್ಪ ಇರುವ ದಿನವನ್ನೇ ಹುಡುಕಿ ಹೋಗುತ್ತಿದ್ದೆ. ಡಾಕ್ಟರು ಆ ದಿನದ ಸಂಖ್ಯೆ ನೋಡಿ ಉಳಿದ ದಿನಗಳಿಗೂ ಸೇರಿಸಿ ಮಾತ್ರೆ ಏರಿಸುತ್ತಿದ್ದರು. ಗಣಿತ ಕಲಿಸಿದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ನಿಂತಲ್ಲೇ ಡಾಕ್ಟರಿಗೆ ಫೋನ್ ಮಾಡಿದಳು. ಆಮೇಲೆ ಸಹಾಯಕಿಗೆ ಅಂಗಡಿ ವಹಿಸಿ ನನ್ನನ್ನು ಪಕ್ಕದ ಲ್ಯಾಬಿಗೆ ಕರೆದುಕೊಂಡು ಹೋದಳು. ಅಂದು ನವಮಿ, ಅಂದರೆ ಹಿಂದಿನ ಏಕಾದಶಿ ಕಳೆದು ಹನ್ನೆರಡು ದಿನ ಆರು ಮಿಲಿಗ್ರಾಂ ಸರಿಯಾಗಿ ನುಂಗಿದ್ದೆ. ಐಎನ್‌ಆರ್ ಐದು ಪಾಯಿಂಟ್ ಎಂಟು. ಮಾತ್ರೆ ಎರಡು ದಿನ ನಿಲ್ಲಿಸಿ, ತಲೆ ತಾಗದ ಹಾಗೆ ನೋಡಿಕೊಳ್ಳಿ, ನಾಡಿದ್ದು ಪುನಃ ರಕ್ತ ಕೊಡಿ ಎಂದರು ಡಾಕ್ಟರು. ಗರ್ಭಗುಡಿಯ ಬಾಗಿಲು ತಗ್ಗು, ವಾರಕ್ಕೊಮ್ಮೆಯಾದರೂ ನನ್ನ ಹಣೆ ಅದಕ್ಕೆ ಬಡಿಯುತ್ತದೆ. ಕೈಯಲ್ಲಿದ್ದ ಹೊಸ ಚೀಟಿ ನೋಡಿದೆ, ಇದರ ಮೇಲೆ ಇನ್ನೂ ಒಂದು ಮಿಲಿಗ್ರಾಂ ಏರಿಸಲು ಬರೆದದ್ದು. ಲ್ಯಾಬಿನ ಬೆಂಚಿನಲ್ಲಿ ಕುಳಿತು ಅವಳಿಗೆ, "ತಪ್ಪಾಯ್ತು ಮಗಾ," ಎಂದೆ.

"ಅದೆಲ್ಲ ಇರ್ಲಿ. ಮುಂದಿನ ಏಕಾದಶಿಗೆ ಎಂತ ಮಾಡುವ?" ಎಂದಳು. ಉಪವಾಸ ಬಿಡಿ ಎಂದು ಹೇಳುತ್ತಾಳೆ, ನಾನು ಆಗದು ಎನ್ನುತ್ತೇನೆ ಎಂದು ತಯಾರಾಗಿದ್ದೆ. ಅವಳು ಹಾಗೆ ಹೇಳಲೇ ಇಲ್ಲ. "ಉಪವಾಸ ಮಾಡಬಹುದೋ ಅಂತ ಡಾಕ್ಟರನ್ನು ನಾನು ಕೇಳ್ತೇನೆ, ಮಾತ್ರೆ ನುಂಗಬಹುದೋ ಅಂತ ನಿಮ್ಮವರನ್ನು ನೀವು ಕೇಳಿ," ಎಂದಳು.

ಮರುದಿನ ಕಾಟಿಪಳ್ಳದ ಬಸ್ಸು ಹತ್ತಿದೆ. ಅಣ್ಣ ಎಲ್ಲ ಕೇಳಿಸಿಕೊಂಡು, ಒಳಗೆ ಹೋಗಿ ಒಂದು ಡಬ್ಬಿ ತಂದ. ಅದರಲ್ಲಿ ಬಿಪಿಯದ್ದು, ಸಕ್ಕರೆಯದ್ದು, ಮೂರು ಬಣ್ಣದ ಮಾತ್ರೆಗಳು.

"ಏಕಾದಶಿಗೂ ತಿನ್ತೇನೆ. ಮದ್ದು ಊಟ ಅಲ್ಲ ಮಾರಾಯ. ಅಪ್ಪ ಏಕಾದಶಿ ರಾತ್ರಿ ದಮ್ಮಿಗೆ ಲೇಹ್ಯ ತಿನ್ತಿದ್ರು, ನೀರೂ ಕುಡೀತಿದ್ರು. ನೀನು ಮಲಗಿ ಆಗಿರ್ತಿತ್ತು, ನಿನಗೆ ಹೇಗೆ ಗೊತ್ತು?"

ಐವತ್ತು ವರ್ಷ ಅಪ್ಪನ ಹಾಗೆ ಮಾಡುತ್ತಿದ್ದೇನೆ ಎಂದುಕೊಂಡು ಅಪ್ಪ ಮಾಡದ್ದನ್ನು ಮಾಡಿದ್ದೆ. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅತ್ತಿಗೆ ಕೊಟ್ಟ ಕಾಫಿ ಕುಡಿದು ಮನೆಗೆ ಬಂದೆ.

ಉಪವಾಸಕ್ಕೆ ಡಾಕ್ಟರು ಒಪ್ಪಿದರು, ನೀರು ಕುಡಿಯಬೇಕು ಎಂಬ ಷರತ್ತಿನ ಮೇಲೆ. ರಕ್ತ ಪರೀಕ್ಷೆಯ ದಿನವನ್ನು ಅವಳೇ ಬದಲಾಯಿಸಿದಳು. ಆ ಸಲದ ದಶಮಿ ಮಾತ್ರೆ ನಿಲ್ಲಿಸಿದ ದಿನಗಳಲ್ಲೇ ಕಳೆಯಿತು. ಅದರ ಮುಂದಿನ ದಶಮಿಯ ರಾತ್ರಿ ಎಂಟಕ್ಕೆ ಬೆಲ್ ಆಯಿತು. ತೆರೆದರೆ ಬೇರೆಯೇ ಒಂದು ಸಾಲು ಇತ್ತು: ಇವತ್ತು ದಶಮಿ, ಊಟ ಇಲ್ಲದಿದ್ದರೂ ಮಾತ್ರೆ ಉಂಟು. ಕ್ಯಾಲೆಂಡರ್ ಹಿಡಿದು ಕುಳಿತು ವರ್ಷದ ಎಲ್ಲ ದಶಮಿ, ಎಲ್ಲ ಏಕಾದಶಿಗೂ ಅದನ್ನು ಹಾಕಿಟ್ಟಿದ್ದಳು, ನಲವತ್ತೆಂಟು ಸಲ. ನಾನು ಮಾತ್ರೆ ನುಂಗಿ ನೀರು ಕುಡಿದು ಹಸಿರು ಒತ್ತಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಆ ದಿನ ತಮಾಷೆ ಮಾಡಲಿಲ್ಲ.

ಈ ನಡುವೆ ಒಂದು ರಾತ್ರಿ ಮದುವೆಮನೆಯಿಂದ ಬರುವಾಗ ತಡವಾಗಿ ನಿಜವಾಗಿ ಮರೆತೆ. ಬೆಳಿಗ್ಗೆ ಎದ್ದು ನಾನೇ ಕೆಂಪು ಒತ್ತಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. ಬೈಯಲು ಎಂದುಕೊಂಡೆ.

"ಮಾಷ್ಟ್ರೆ, ಕೆಂಪು ಒತ್ತಿದ್ದು ನೋಡಿ ಖುಷಿ ಆಯ್ತು," ಎಂದಳು. ಆಮೇಲೆ ಬೈದಳು.

ಅವಳ ಹೆಸರಲ್ಲಿ ಒಂದು ಅರ್ಚನೆ ಮಾಡಬೇಕೆಂದು ಒಮ್ಮೆ ನಕ್ಷತ್ರ ಕೇಳಿದೆ. "ನಮಗೆ ನಕ್ಷತ್ರ, ಗೋತ್ರ ಎಲ್ಲ ಇಲ್ಲ ಮಾಷ್ಟ್ರೆ. ನೀವು ಟೈಮಿಗೆ ಮಾತ್ರೆ ತೆಗೊಳ್ಳಿ, ಅಷ್ಟು ಸಾಕು," ಎಂದಳು. ಇದನ್ನು ಬರೆಯುತ್ತೇನೆ ಎಂದಾಗಲೂ ತನ್ನ ಹೆಸರು ಹಾಕಬಾರದೆಂದು ಮಾತು ತೆಗೆದುಕೊಂಡಿದ್ದಾಳೆ, ಅದಕ್ಕೆ ಇಲ್ಲಿ ಹಾಕಿಲ್ಲ. ದ್ವಾದಶಿಯ ಬೆಳಿಗ್ಗೆ, ತಗ್ಗು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋಗಿ, ಗೋತ್ರವಿಲ್ಲದೆ, ನಕ್ಷತ್ರವಿಲ್ಲದೆ, ಆ ಹೆಸರನ್ನು ಅಲ್ಲಿ ಹೇಳುತ್ತೇನೆ.